ಹಿಡಿ ರಾಗಿ ಬೀಳುವಷ್ಟು ಹೊತ್ತು

ಲ್ಯಾಪ್‌ಟಾಪಿಗೆ ಸಂಗೀತದ ಸಾಫ್ಟ್‌ವೇರ್ ಯಾವುದು ಹಾಕಿಕೊಳ್ಳಲಿ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಬೀಟ್ ಮಾಡುವ ಹುಡುಗರು ಎಫ್‌ಎಲ್ ಸ್ಟುಡಿಯೋ ಎನ್ನುತ್ತಾರೆ. ವೇದಿಕೆಯ ಮೇಲೆ ನುಡಿಸುವವರು ಏಬಲ್ಟನ್ ಲೈವ್ ಬಿಟ್ಟು ಮಾತಾಡುವುದಿಲ್ಲ. ಆಪಲ್ ಇಟ್ಟುಕೊಂಡವರಿಗೆ ಗ್ಯಾರೇಜ್‌ಬ್ಯಾಂಡ್ ಪುಕ್ಕಟೆ. ನನ್ನದು ಹಳೆಯ ವಿಂಡೋಸ್ ಲ್ಯಾಪ್‌ಟಾಪ್. ಆಗಬೇಕಾದ್ದೂ ಒಂದೇ ಕೆಲಸ. ದೊಡ್ಡಮ್ಮ ರಾಗಿ ಕಲ್ಲಿನ ಮುಂದೆ ಕೂತು ಹಾಡಿದ ಬೀಸುವ ಪದ ಫೋನಿನಲ್ಲಿತ್ತು. ಅದಕ್ಕೊಂದು ತಂಬೂರಿ ಶ್ರುತಿ, ಹಿಂದೆ ಮೆಲ್ಲಗೆ ದಮ್ಮಡಿ ಸೇರಿಸಬೇಕಿತ್ತು.

ಪರೀಕ್ಷೆಗೆಂದು ಲೈವ್, ರೀಪರ್ ಎಂಬ ಇನ್ನೊಂದು ಸಾಫ್ಟ್‌ವೇರ್ ಎರಡನ್ನೂ ಹಾಕಿಕೊಂಡೆ. ಎರಡರಲ್ಲೂ ಒಂದು ಸ್ವರ ಬೀಳುವ ಮೊದಲೇ ನಿಮಿಷಕ್ಕೆ 120 ಬಡಿತ, ನಾಲ್ಕರ ಎಣಿಕೆ ಸಿದ್ಧವಾಗಿ ಕೂತಿತ್ತು. ಖಾಲಿ ಹಾಳೆ ಎಂದುಕೊಂಡದ್ದು ಗೆರೆ ಎಳೆದ ಕಾಪಿ ಪುಸ್ತಕ.

ದೊಡ್ಡಮ್ಮನ ವೇಗಕ್ಕೆ ಮೆಟ್ರೊನೋಮ್ ಹೊಂದಿಸಿದೆ. ಎರಡು ಸಾಲು ಜೊತೆಗೇ ನಡೆದವು. ಮೂರನೆಯದರ ಕೊನೆಗೆ ಆಕೆ ಹಿಂದೆ ಬಿದ್ದಳು. ಪದ ಮರೆತಿರಬೇಕು ಎಂದುಕೊಂಡೆ. ಹೆಡ್‌ಫೋನ್ ಹಾಕಿ ಕೇಳಿದರೆ ಕಲ್ಲು ನಿಧಾನವಾಗಿ ತಿರುಗುತ್ತಲೇ ಇದೆ, ನಡುವೆ ಸರ್ರೆಂಬ ಸಣ್ಣ ಸದ್ದು. ಕಲ್ಲಿನ ಬಾಯಿಗೆ ಒಂದು ಹಿಡಿ ರಾಗಿ. ಲೈವ್‌ನ ವಾರ್ಪ್‌ನಿಂದ ಸಾಲನ್ನೆಳೆದು ಗೆರೆಗೆ ಕೂರಿಸಿದೆ. ಹಾಡು ಸರಿಹೋಯಿತು, ಕಲ್ಲಿಗೆ ರಾಗಿ ಹಾಕಲು ಪುರುಸೊತ್ತೇ ಇಲ್ಲದಂತಾಯಿತು.

ಹಾಗಾದರೆ ಆ ಹಾಡಿನಲ್ಲಿ ತಾಳ ಹಿಡಿದವರು ಯಾರು? ಕೊರಳೋ, ಕೈಯೋ, ಖಾಲಿಯಾಗುತ್ತಿದ್ದ ಕಲ್ಲೋ? ಆಲಾಪನೆಗೆ ತಾಳವೇ ಇಲ್ಲ, ಅದನ್ನು ಕೊರತೆ ಎಂದು ಯಾರೂ ಎಣಿಸಿಲ್ಲ. ಈ ಗೆರೆಗಳ ಗ್ರಿಡ್ಡನ್ನು ಬೈಯುವುದೂ ಸುಲಭ. ಇಪ್ಪತ್ತು ವಾದ್ಯ ಒಟ್ಟಿಗೆ ಕೂರಬೇಕಾದಾಗ ಅದೇ ಗತಿ. ನನಗೆ ತೊಡಕೆನಿಸಿದ್ದು ಬೇರೆ: ಗೆರೆ ಕಣ್ಣಿಗೆ ಬಿದ್ದ ಮೇಲೆ ದೊಡ್ಡಮ್ಮನ ನಿಲುಗಡೆ ನನಗೂ ತಪ್ಪಾಗಿ ಕಂಡಿತು. ಕಿವಿಗಿಂತ ಮೊದಲು ಕಣ್ಣು ತೀರ್ಪು ಕೊಟ್ಟಿತ್ತು.

ವಾದ್ಯ-ಕಂಪ್ಯೂಟರುಗಳು ಮಾತಾಡಿಕೊಳ್ಳುವ ಭಾಷೆಯಾಗಿ 1983ರಲ್ಲಿ ಬಂದ ಮಿಡಿಯದೂ ಇದೇ ಸ್ವಭಾವ. ಪ್ರತಿ ಸ್ವರವನ್ನೂ 0ರಿಂದ 127ರೊಳಗಿನ ಒಂದು ಅಂಕಿಯಾಗಿ ಬರೆದುಕೊಳ್ಳುತ್ತದೆ. ತೋಡಿ ರಾಗದ ತೂಗಾಡುವ ಗಾಂಧಾರಕ್ಕೆ ಯಾವ ಅಂಕಿ ಕೊಡುತ್ತೀರಿ? ಸ್ವರವನ್ನು ಜಾರಿಸಲು ಪಿಚ್ ಬೆಂಡ್ ಇದೆ, ನಿಜ. ಆದರೆ ಅಲ್ಲಿ ಗಮಕ ಸ್ವರಕ್ಕೆ ಮಾಡಿದ ತಿದ್ದುಪಡಿ. ನಮ್ಮಲ್ಲಿ ಗಮಕವೇ ಸ್ವರ.

ಕೊನೆಗೆ ಉಳಿಸಿಕೊಂಡದ್ದು ರೀಪರ್. ಅರವತ್ತು ದಿನ ಪರೀಕ್ಷೆಗೆ ಬಿಡುತ್ತಾರೆ, ಆಮೇಲೆ ಸ್ವಂತ ಬಳಕೆಗೆ ಅರವತ್ತು ಡಾಲರ್. ಸಾಲುಸಾಲಿಗೂ ಟೆಂಪೋ ಗುರುತು ನೆಟ್ಟು, ಗೆರೆಗಳೇ ದೊಡ್ಡಮ್ಮನ ಹಿಂದೆ ನಡೆಯುವಂತೆ ಮಾಡಲು ಒಂದು ಸಂಜೆ ಹಿಡಿಯಿತು. ಲೈವ್‌ನಲ್ಲೂ ಇದು ಆಗದ ಕೆಲಸವಲ್ಲ. ಆದರೆ 2001ರಿಂದ ಅದಕ್ಕೆ ಹೆಸರು ಬಂದದ್ದು ಹಾಡನ್ನು ಬಡಿತಕ್ಕೆ ಬಗ್ಗಿಸುವುದರಲ್ಲಿ. ಒಗ್ಗಿದ ಕೆಲಸಕ್ಕೇ ಅದರ ಕೈ ಮೊದಲು ಹೋಗುತ್ತದೆ.

ಈಗ ದಮ್ಮಡಿ ನುಡಿಸುವಾಗ ಮೂರನೆಯ ಸಾಲಿನ ಕೊನೆಗೆ ನಾನೂ ಕೈ ತಡೆಯುತ್ತೇನೆ. ಹಿಡಿ ರಾಗಿ ಬೀಳಲು ಹೆಚ್ಚುಕಡಿಮೆ ಎರಡು ಸೆಕೆಂಡು ಬೇಕು.