ಕಿವಿಗೊಟ್ಟವರ ಹೊಣೆ

ನಾಚಾರಂನ ನಮ್ಮ ಬೀದಿಯಲ್ಲಿ ಮೇಷ್ಟರುಗಳಿಗೆ ಬರವಿಲ್ಲ. ಒಂದು ಕಡೆ ಕೈಗಾರಿಕಾ ವಸಾಹತು. ಇನ್ನೊಂದು ಕಡೆ ಹಬ್ಸಿಗುಡ ದಾಟಿದರೆ ತಾರ್ನಾಕ, ಉಸ್ಮಾನಿಯಾ ವಿಶ್ವವಿದ್ಯಾನಿಲಯ. ಇಂಗ್ಲಿಷ್ ಅಧ್ಯಾಪಕರ ತರಬೇತಿಗೆಂದು 1958ರಲ್ಲಿ ಆರಂಭವಾಗಿ 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯವಾದ ಸಂಸ್ಥೆಯೂ ಅಲ್ಲೇ ಇದೆ. 1956ಕ್ಕೆ ಮುಂಚೆ ಬೀದರ, ಕಲಬುರ್ಗಿ, ರಾಯಚೂರುಗಳಿಂದ ಹೈದರಾಬಾದಿಗೆ ಬಂದ ನಮ್ಮ ಹಿರಿಯರು ಪರಸ್ಥಳಕ್ಕೆ ಬಂದವರಲ್ಲ, ತಮ್ಮ ರಾಜ್ಯದ ರಾಜಧಾನಿಗೇ ಬಂದವರು. ಅವರ ಮೊಮ್ಮಕ್ಕಳು ಈಗ ಪಾಠ ಹೇಳಲು ಸಮುದ್ರ ದಾಟುತ್ತಿದ್ದಾರೆ. ಅಂಥವಳೊಬ್ಬಳ ವಿಷಯದಲ್ಲಿ ನನ್ನಿಂದಾದ ಒಂದು ತಪ್ಪು ಈ ಲೇಖನಕ್ಕೆ ಕಾರಣ.

ಚಿಕ್ಕಂದಿನಿಂದ ಆಕೆ ನನ್ನನ್ನು ಕಾಕಾ ಎಂದೇ ಕರೆಯುವವಳು. ಹೊರದೇಶದ ಶಾಲೆಯೊಂದನ್ನು ಸೇರಿದ ಎರಡನೆಯ ವರ್ಷ ಒಂದು ರಾತ್ರಿ ಫೋನು ಮಾಡಿದಳು. ನಪಾಸಾದ ಹುಡುಗನೊಬ್ಬನ ಅಂಕ ತಿದ್ದಬೇಕೆಂದು ಮೇಲಿನವರು ಹೇಳಿದ್ದರು, ಈಕೆ ಒಪ್ಪಿರಲಿಲ್ಲ. ಅಂದಿನಿಂದ ಸಣ್ಣಪುಟ್ಟದ್ದಕ್ಕೂ ಮೆಮೊ. ಪಾಸ್‌ಪೋರ್ಟು ಶಾಲೆಯ ಕಪಾಟಿನಲ್ಲಿ. ಅತ್ತು ಹಗುರಾದ ಮೇಲೆ ಅಂದಳು: "ಕಾಕಾ, ಇದು ನಿಮ್ಮ ಹತ್ರನ ಇರ್ಲಿ. ಅಪ್ಪಗ ಹೇಳಬ್ಯಾಡ್ರಿ."

ಅಪ್ಪನಿಗೆ ನಾನು ಹೇಳಲಿಲ್ಲ. ಆದರೆ ಆ ಶಾಲೆಯ ಆಡಳಿತದವರನ್ನು ಬಲ್ಲ ಸ್ನೇಹಿತರೊಬ್ಬರು ಒಂದು ಸಮಾರಂಭದಲ್ಲಿ ಸಿಕ್ಕಾಗ, "ಹುಡುಗಿ ಕಷ್ಟದಲ್ಲಿದ್ದಾಳೆ, ಒಂದು ಮಾತು ಹೇಳಿ ನೋಡಿ" ಎಂದೆ. ಅವರೂ ಸದುದ್ದೇಶದಿಂದಲೇ ಹೇಳಿದರು. ವಾರದೊಳಗೆ ಆಕೆಯನ್ನು ಕರೆಸಿ, ಶಾಲೆಯ ಮಾತನ್ನು ಊರಿಗೆ ಮುಟ್ಟಿಸುವವಳು ನೀನೇ ಏನು ಎಂದು ಕೇಳಿದರಂತೆ. ವರ್ಷದ ಕೊನೆಗೆ ಕರಾರು ಮುಂದುವರಿಯಲಿಲ್ಲ. ಅಪ್ಪನಿಗೆ ಸುದ್ದಿ ಮುಟ್ಟಿದ್ದು ಮದುವೆಯೊಂದರ ಊಟದ ಪಂಕ್ತಿಯಲ್ಲಿ, ಮೂರನೆಯವರ ಬಾಯಿಂದ. ಆಮೇಲೆ ಆಕೆಯಿಂದ ನನಗೆ ಹಬ್ಬದ ಶುಭಾಶಯಗಳು ಬಂದವು, ಫೋನು ಬರಲಿಲ್ಲ.

ನಾನು ಆಕೆಯ ಕೇಡನ್ನು ಬಯಸಿದವನಲ್ಲ. ಹಾಗಾದರೆ ಒಳ್ಳೆಯದಾಗಲೆಂದು ಗುಟ್ಟು ಬಿಟ್ಟುಕೊಡುವುದು ತಪ್ಪೆ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿದೆ.

ಮೊದಲು ಹೊರದೇಶದ ಶಿಕ್ಷಕರ ಸ್ಥಿತಿಯನ್ನು ಯೋಚಿಸಬೇಕು. ಇಲ್ಲಿ ಮುಖ್ಯೋಪಾಧ್ಯಾಯರೊಡನೆ ಜಗಳವಾದರೆ ಸಂಜೆ ಮನೆಗೆ ಬಂದು ಹೆಂಡತಿಯ ಮುಂದೋ ಗಂಡನ ಮುಂದೋ ಬೈದುಕೊಂಡು ಮಲಗಬಹುದು. ಅಲ್ಲಿ ಎಷ್ಟೋ ಕಡೆ ಕೆಲಸ, ವಾಸದ ಮನೆ, ದೇಶದಲ್ಲಿರುವ ಪರವಾನಗಿ ಮೂರೂ ಒಬ್ಬನೇ ಧಣಿಯ ಕೈಯಲ್ಲಿ. ನಮ್ಮ ಕಾನೂನೂ ಓದಿದವರು ತಮ್ಮನ್ನು ತಾವೇ ನೋಡಿಕೊಳ್ಳಬಲ್ಲರೆಂದು ನಂಬಿದೆ. 1983ರ ವಲಸೆ ಕಾಯಿದೆಯ ಏರ್ಪಾಡಿನಲ್ಲಿ, ಹತ್ತನೆಯ ತರಗತಿ ಮುಗಿಸದವರು ಕೆಲವು ದೇಶಗಳಿಗೆ ದುಡಿಯಲು ಹೋಗುವಾಗ ಸರ್ಕಾರದ ಅನುಮತಿ ಬೇಕು; ಪದವೀಧರರಾದ ಶಿಕ್ಷಕರಿಗೆ ಆ ತಪಾಸಣೆಯ ತೊಡಕೂ ಇಲ್ಲ, ಆಸರೆಯೂ ಇಲ್ಲ. 2004ರಲ್ಲಿ ಕಾಮನ್‌ವೆಲ್ತ್ ರಾಷ್ಟ್ರಗಳು ಪರದೇಶದ ಶಿಕ್ಷಕರ ನೇಮಕಾತಿಗೆ ಒಂದು ನೀತಿಯನ್ನು ಒಪ್ಪಿಕೊಂಡವು. ಆದರೆ ಅದು ನೈತಿಕ ಒಪ್ಪಂದ, ಕಾನೂನಿನ ಬಲದ್ದಲ್ಲ. ಕೊಲ್ಲಿ ರಾಷ್ಟ್ರಗಳು ಆ ಕೂಟದಲ್ಲೂ ಇಲ್ಲ.

ಬಾಗಿಲುಗಳೇ ಇಲ್ಲವೆಂದಲ್ಲ. 1967ರ ಪಾಸ್‌ಪೋರ್ಟ್ ಕಾಯಿದೆಯ ಪ್ರಕಾರ ಪಾಸ್‌ಪೋರ್ಟು ಭಾರತ ಸರ್ಕಾರದ ಸ್ವತ್ತು, ಯಾವ ಶಾಲೆಯದೂ ಅಲ್ಲ. ಸಂಕಟದಲ್ಲಿರುವ ಭಾರತೀಯರಿಗೆಂದು ರಾಯಭಾರ ಕಚೇರಿಗಳಲ್ಲಿ 2009ರಿಂದ ಕ್ಷೇಮನಿಧಿ ಇದೆ. 2015ರಲ್ಲಿ ವಿದೇಶಾಂಗ ಇಲಾಖೆ 'ಮದದ್' ಎಂಬ ದೂರು ವ್ಯವಸ್ಥೆಯನ್ನು ತೆರೆಯಿತು. ಆದರೆ ದೂರಿಗೆ ಹೆಸರು ಬೇಕು. ದೂರು ಕೊಡಲೋ ಬೇಡವೋ ಎಂದು ತೂಗಿನೋಡುವ ದಿನಗಳಲ್ಲಿ ಮನುಷ್ಯನಿಗೆ ಬೇಕಾದದ್ದು ಒಂದು ಕಿವಿ. ಆ ಕಿವಿ ನಾನಾಗಿದ್ದೆ, ಕೇಳದೆಯೇ ನಾಲಿಗೆಯಾದೆ.

ಇಲ್ಲಿ ಮಹಾಭಾರತದ ಪ್ರಸಂಗವೊಂದು ನೆನಪಾಗುತ್ತದೆ. ಸಂಧಾನ ಮುರಿದ ಮೇಲೆ ಕೃಷ್ಣ ಕರ್ಣನಿಗೆ ಅವನ ಜನ್ಮರಹಸ್ಯವನ್ನು ತಿಳಿಸುತ್ತಾನೆ. ಕರ್ಣ ಪಕ್ಷ ಬಿಡಲೊಲ್ಲ. ಇದನ್ನು ಧರ್ಮರಾಯನಿಗೆ ತಿಳಿಸಬೇಡವೆಂದು ಮಾತ್ರ ಕೇಳಿಕೊಳ್ಳುತ್ತಾನೆ. ಕೃಷ್ಣ ಆ ಮಾತನ್ನು ಕಾಯುತ್ತಾನೆ. ತಮ್ಮನ ಬಾಣಕ್ಕೆ ಅಣ್ಣ ಬೀಳುತ್ತಾನೆ. ಯುದ್ಧ ಮುಗಿದ ಮೇಲೆ ಕುಂತಿಯಿಂದ ಸತ್ಯ ತಿಳಿದ ಧರ್ಮರಾಯನ ದುಃಖಕ್ಕೆ ಎಣೆಯಿಲ್ಲ. ಗುಟ್ಟು ಕಾಯುವುದು ನಿರಪಾಯದ ಸದ್ಗುಣವಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಆದರೂ ಆ ಮಾತನ್ನು ಧರ್ಮರಾಯನಿಗೆ ಹೇಳಬೇಕಾಗಿದ್ದವರು ಕುಂತಿ ಅಥವಾ ಕರ್ಣ; ಅದು ಅವರ ಬದುಕು. ಗುಟ್ಟು ಕೇಳಿದವನಿಗೆ ಅದನ್ನು ಹೊರಗೆ ಹಾಕುವ ಅಧಿಕಾರವಿಲ್ಲ. ಆದರೆ ಸುಮ್ಮನಿರುವುದಷ್ಟೇ ಅವನ ಕೆಲಸವೂ ಅಲ್ಲ. "ನೀನೇ ಹೇಳು, ನಾನು ಜೊತೆಗಿರುತ್ತೇನೆ" ಎಂದು ಧೈರ್ಯ ತುಂಬುವುದೂ ಅವನ ಪಾಲಿನದೇ.

ಊರಿಗೆ ಹೋಗುವಾಗ ನೆರೆಮನೆಯವರಿಗೆ ಬೀಗದ ಕೈ ಕೊಟ್ಟು ಹೋಗುತ್ತೇವೆ. ಅವರು ತುಳಸಿಗೆ ನೀರು ಹಾಕಬಹುದು. ತಮ್ಮ ನೆಂಟರನ್ನು ಕರೆತಂದು ನಮ್ಮ ಮನೆ ತೋರಿಸಬಾರದು. ಕಿಟಕಿಯಿಂದ ಹೊಗೆ ಬಂದರೆ ಮಾತ್ರ ಯಾರನ್ನೂ ಕೇಳದೆ ಬಾಗಿಲು ತೆಗೆಯಬೇಕು. ನಂಬಿ ಹೇಳಿದ ಮಾತೂ ಹಾಗೆಯೇ. ಆ ಹೊಗೆ ಯಾವುದೆಂದು ನಮ್ಮ ಕಾನೂನೂ ಗುರುತಿಸಿದೆ. 2023ರ ಮಧ್ಯಸ್ಥಿಕೆ ಕಾಯಿದೆ ಸಂಧಾನದ ಮಾತುಗಳು ಗೋಪ್ಯವೆನ್ನುತ್ತದೆ. ಅಪರಾಧದ ಬೆದರಿಕೆ, ಮಕ್ಕಳ ಮೇಲಿನ ದೌರ್ಜನ್ಯದಂಥವನ್ನು ಆ ಗೋಪ್ಯತೆಯಿಂದ ಹೊರಗಿಟ್ಟಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯಿದೆ ವಿಧಿಸುತ್ತದೆ. ಶಿಕ್ಷಕರಿಗೆ ಕಿವಿಗೊಡುವವರು ಈ ಮೇರೆಯನ್ನು ಮೊದಲೇ ಹೇಳಿಬಿಡುವುದು ಪ್ರಾಮಾಣಿಕತೆ. ಎಲ್ಲವನ್ನೂ ಕಾಯುತ್ತೇನೆಂದು ಮಾತು ಕೊಟ್ಟು ಆಮೇಲೆ ಮುರಿಯುವುದು ಇನ್ನೂ ಕೆಟ್ಟದ್ದು.

ಇನ್ನೊಂದು ಮಾತು. ಗುಟ್ಟನ್ನು ಶಾಲೆಗಳೂ ಕೇಳುತ್ತವೆ. "ಹೊರಗೆ ಹೇಳಬೇಡಿ, ರಾಜಿ ಮಾಡಿಕೊಳ್ಳೋಣ" ಎಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದುಂಟು. ಶಬ್ದ ಒಂದೇ, ಅರ್ಥ ಎರಡು. ನೊಂದವರು ತಮ್ಮ ರಕ್ಷಣೆಗೆ ಕೇಳುವ ಮೌನ ಬೇರೆ. ನೋಯಿಸಿದವರು ತಮ್ಮ ರಕ್ಷಣೆಗೆ ಹೇರುವ ಮೌನ ಬೇರೆ. ಮೊದಲನೆಯದು ಸಂಧಾನಕ್ಕೆ ಅಡಿಪಾಯ. ಎರಡನೆಯದು ಅನ್ಯಾಯಕ್ಕೆ ಹೊದಿಕೆ.

ನಮ್ಮ ಸಂಘ ಏನು ಮಾಡಬಹುದು? ಇಲ್ಲಿ ಎಲ್ಲರಿಗೆ ಎಲ್ಲರೂ ಗೊತ್ತು. ಅದೇ ನಮ್ಮ ಬಲ, ಅದೇ ನಮ್ಮ ದೋಷ. ಯಾವ ಶಾಲೆಯ ಹಂಗೂ ಇಲ್ಲದ ಇಬ್ಬರು, ಅವರಲ್ಲೊಬ್ಬರು ಹೆಂಗಸರು, ಕೇಳುವ ಕೆಲಸಕ್ಕೆ ಮುಂದೆ ಬರಲಿ. ಸಂಧಾನ ಬೇಕಾದರೆ ಅದಕ್ಕೆ ಬೇರೆಯವರಿರಲಿ. ಕೇಳಿದವರು ಎದ್ದುಹೋಗುವ ಮುಂಚೆ ಮೂರು ಪ್ರಶ್ನೆ ಕೇಳಲಿ: ನಿಮಗೆ ಏನಾಗಬೇಕು? ಇದನ್ನು ಯಾರಿಗಾದರೂ ಹೇಳಬಹುದೆ? ಹೇಳುವುದಾದರೆ ಎಷ್ಟು? ಅಂದು ರಾತ್ರಿ ಇಷ್ಟನ್ನು ಕೇಳುವ ವಿವೇಕ ನನಗಿರಲಿಲ್ಲ.

ಈ ಲೇಖನ ಬರೆಯುವ ಮುಂಚೆ ಮಾತ್ರ ಕೇಳಿದೆ. ಎರಡು ದಿನ ಉತ್ತರ ಬರಲಿಲ್ಲ. ಮೂರನೆಯ ದಿನ ಫೋನು ಬಂತು: "ಬರೀರಿ ಕಾಕಾ. ಖರೆ, ದೇಶದ ಹೆಸರು ಬ್ಯಾಡ." ಆದ್ದರಿಂದ ಅದನ್ನು ಬರೆದಿಲ್ಲ. ಆಮೇಲೆ ಅರ್ಧ ಗಂಟೆ ಮಾತಾಡಿದಳು. ಏನು ಮಾತಾಡಿದಳೆಂಬುದನ್ನು ಓದುಗರು ಕೇಳಬಾರದು.