ಪರಿಗ್ರಹ ಪರಿಮಾಣ: ಮನೆಯ ಭಾರ ಮತ್ತು ಮನದ ಭಾರ

ಗೃಹಸ್ಥನಾದವನು ವಸ್ತುಗಳಿಲ್ಲದೆ ಬಾಳಲಾರ. ಉಣ್ಣಲು ಪಾತ್ರೆ, ಉಡಲು ಬಟ್ಟೆ, ಮಲಗಲು ಹಾಸಿಗೆ, ಮಕ್ಕಳ ವಿದ್ಯಾಭ್ಯಾಸಕ್ಕೆ ಪುಸ್ತಕ, ಕಷ್ಟಕಾಲಕ್ಕೆಂದು ಒಂದಿಷ್ಟು ಹಣ ಇವೆಲ್ಲ ಅವನಿಗೆ ಅಗತ್ಯವೇ. ಇದನ್ನರಿತೇ ಜೈನಾಚಾರ್ಯರು ಮುನಿಗಳಿಗೆ ಸಕಲ ಪರಿಗ್ರಹ ತ್ಯಾಗದ ಮಹಾವ್ರತವನ್ನೂ, ಶ್ರಾವಕರಿಗೆ ಪರಿಗ್ರಹ ಪರಿಮಾಣವೆಂಬ ಅಣುವ್ರತವನ್ನೂ ವಿಧಿಸಿದರು. ದಿಗಂಬರ ಮುನಿಗಳ ಬಳಿಯಲ್ಲಿರುವುದು ಪಿಂಛಿ, ಕಮಂಡಲು ಮತ್ತು ಶಾಸ್ತ್ರ. ಇವು ಕ್ರಮವಾಗಿ ಸಂಯಮ, ಶೌಚ ಮತ್ತು ಜ್ಞಾನಗಳ ಉಪಕರಣಗಳು. ಶ್ರಾವಕನಿಗೆ ಅಷ್ಟು ಕಠಿಣವಾದ ನಿಯಮವಿಲ್ಲ. ತನಗೆ ಎಷ್ಟು ಬೇಕೆಂಬುದನ್ನು ಅವನು ತಾನೇ ನಿರ್ಧರಿಸಿ, ಆ ಮಿತಿಯೊಳಗೆ ಬಾಳಿದರೆ ಸಾಕು. ಆದರೆ ‘ಎಷ್ಟು ಬೇಕು’ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವ ಮನೆಗಳು ಇಂದು ಎಷ್ಟಿವೆ?

ಹಿಂದಿನ ಮನೆಗಳಲ್ಲಿಯೂ ಸಂಗ್ರಹವಿತ್ತು. ಕಣಜದಲ್ಲಿ ವರ್ಷದ ಧಾನ್ಯ, ಅಟ್ಟದ ಮೇಲೆ ಮದುವೆಗೆ ಬೇಕಾಗುವ ದೊಡ್ಡ ಹಂಡೆ ಕೊಪ್ಪರಿಗೆಗಳು ಇರುತ್ತಿದ್ದವು. ಆದರೆ ಪ್ರತಿಯೊಂದು ವಸ್ತುವಿಗೂ ಒಂದು ಉಪಯೋಗ, ಒಂದು ಸ್ಥಳ, ಒಂದು ಋತು ಗೊತ್ತಾಗಿತ್ತು. ಇಂದಿನ ಮನೆ ಅಳತೆಯಲ್ಲಿ ಕಿರಿದು. ಅದರೊಳಗೆ ತುಂಬಿದ ವಸ್ತುಗಳು ಅನೇಕ ಪಟ್ಟು ಹಿರಿದು. ಬೀರುವಿನ ಬಾಗಿಲು ತೆರೆದರೆ ಬಟ್ಟೆಗಳು ಮೈಮೇಲೆ ಬೀಳುತ್ತವೆ. ಮಂಚದ ಕೆಳಗೆ ಪೆಟ್ಟಿಗೆಗಳು, ಸಜ್ಜೆಯ ಮೇಲೆ ಕೆಟ್ಟುಹೋದ ಮಿಕ್ಸರು, ಮೂಲೆಯಲ್ಲಿ ಹಳೆಯ ದೂರದರ್ಶನ ಪೆಟ್ಟಿಗೆ, ಮದುವೆ ಮುಂಜಿಗಳಲ್ಲಿ ಉಡುಗೊರೆಯಾಗಿ ಬಂದು ಕಟ್ಟು ಬಿಚ್ಚದೆ ಉಳಿದ ಪಾತ್ರೆಗಳು. ‘ಇರಲಿ, ಮುಂದೆ ಬೇಕಾದೀತು’ ಎಂಬ ಒಂದೇ ಮಾತು ಅವೆಲ್ಲವನ್ನೂ ಹಿಡಿದಿಟ್ಟಿದೆ. ಬೆಳಿಗ್ಗೆ ಮನೆಯಿಂದ ಹೊರಡುವ ಹೊತ್ತಿಗೆ ಬೀಗದ ಕೈ ಸಿಗುವುದಿಲ್ಲ, ಮಗುವಿನ ಪುಸ್ತಕ ಸಿಗುವುದಿಲ್ಲ. ಹುಡುಕಾಟ ಕೋಪವಾಗುತ್ತದೆ, ಕೋಪ ಮಾತಾಗುತ್ತದೆ. ದಿನದ ಆರಂಭವೇ ಕಷಾಯದಿಂದ ಕಲುಷಿತವಾಗುತ್ತದೆ.

ಇಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಹಿರಿಯ ತಾಯಿಯೊಬ್ಬಳು ತೀರಿಕೊಂಡಿದ್ದಾಳೆ. ಹದಿಮೂರು ದಿನಗಳು ಕಳೆದ ಮೇಲೆ ಹೆಣ್ಣುಮಕ್ಕಳೂ ಸೊಸೆಯಂದಿರೂ ಸೇರಿ ಅವಳ ಪೆಟ್ಟಿಗೆಯನ್ನು ತೆರೆಯುತ್ತಾರೆ. ಒಳ್ಳೆಯ ದಿನಕ್ಕೆಂದು ಎತ್ತಿಟ್ಟ ರೇಷ್ಮೆ ಸೀರೆಗಳು ಮಡಿಕೆಯಲ್ಲಿಯೇ ಸೀಳಿಹೋಗಿವೆ. ಅವಳು ಉಟ್ಟು ಸಂತೋಷಪಡಲಿಲ್ಲ. ಉಡಲು ಇಲ್ಲದವರಿಗೆ ಅವು ಸಲ್ಲಲೂ ಇಲ್ಲ. ನಲವತ್ತು ವರ್ಷ ಪ್ರತಿ ಮಳೆಗಾಲ ಕಳೆದ ಮೇಲೆ ಅವನ್ನು ಬಿಸಿಲಿಗೆ ಹಾಕಿ, ಮಡಿಸಿ, ನುಸಿಗುಳಿಗೆ ಇಟ್ಟು ಕಾಯ್ದ ಶ್ರಮ ಮಾತ್ರ ಅವಳ ಪಾಲಿಗೆ ಬಂದಿತ್ತು. ಆ ಸೀರೆಗಳಿಗೆ ಅವಳು ಒಡತಿಯಾಗಿದ್ದಳೋ, ಕಾವಲುಗಾರಳಾಗಿದ್ದಳೋ? ಪೆಟ್ಟಿಗೆಯ ಸುತ್ತ ಕುಳಿತ ಮಕ್ಕಳ ಮನಸ್ಸಿನಲ್ಲಿ ಮೂಡುವ ಈ ಪ್ರಶ್ನೆಗೆ ಆಗಮವು ಬಹು ಹಿಂದೆಯೇ ಉತ್ತರವಿತ್ತಿದೆ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ‘ಮೂರ್ಛೆ’ ಎಂದು ಲಕ್ಷಣೀಕರಿಸಿದ್ದಾರೆ. ವಸ್ತುವಿನ ಮೇಲಿನ ‘ನನ್ನದು’ ಎಂಬ ಮಮತ್ವವೇ ಈ ಮೂರ್ಛೆ. ಮೂರ್ಛೆಗೊಂಡವನಿಗೆ ತನ್ನ ಸ್ಥಿತಿಯ ಅರಿವಿರುವುದಿಲ್ಲ. ಹಾಗೆಯೇ ವಸ್ತುಗಳಿಂದ ಸುತ್ತುವರಿದವನಿಗೆ ತಾನು ಬಂಧಿತನೆಂಬುದೇ ತೋರುವುದಿಲ್ಲ. ಶಾಸ್ತ್ರಕಾರರು ಬಾಹ್ಯ ಪರಿಗ್ರಹವನ್ನು ಹೊಲ, ಮನೆ, ಬೆಳ್ಳಿ ಬಂಗಾರ, ಧನ ಧಾನ್ಯ ಮೊದಲಾಗಿ 10 ಬಗೆಯೆಂದು ಎಣಿಸಿದರು. ಆಭ್ಯಂತರ ಪರಿಗ್ರಹವನ್ನಾದರೋ 14 ಬಗೆಯೆಂದರು: ಮಿಥ್ಯಾತ್ವ, ಕ್ರೋಧ ಮಾನ ಮಾಯಾ ಲೋಭಗಳೆಂಬ ನಾಲ್ಕು ಕಷಾಯಗಳು, ಹಾಸ್ಯಾದಿ ಒಂಬತ್ತು ನೋಕಷಾಯಗಳು. ಒಳಗಿನ ಪಟ್ಟಿ ಹೊರಗಿನದಕ್ಕಿಂತ ಉದ್ದವಾಗಿರುವುದು ಗಮನಾರ್ಹ. ಅಟ್ಟದ ಮೇಲಿರುವ ವಸ್ತುವಿಗೆ ಮನಸ್ಸಿನಲ್ಲಿಯೂ ಒಂದು ಅಟ್ಟವಿರುತ್ತದೆ. ಅಲ್ಲಿ ಭಯ, ಶೋಕ, ಲೋಭಗಳು ಅದನ್ನು ಕಾಯುತ್ತಿರುತ್ತವೆ.

ಆಧುನಿಕ ಸಂಶೋಧನೆಯೂ ಈ ವಿಷಯವನ್ನು ಬೇರೆ ದಾರಿಯಿಂದ ಮುಟ್ಟಿದೆ. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ 30 ಕುಟುಂಬಗಳ ದಂಪತಿಗಳು ತಮ್ಮ ತಮ್ಮ ಮನೆಯನ್ನು ತಾವೇ ತೋರಿಸುತ್ತ ವಿವರಿಸಿದ ಮಾತುಗಳನ್ನು ವಿದ್ವಾಂಸರು ಪರಿಶೀಲಿಸಿದರು. ಜೊತೆಗೆ ದೇಹದ ಒತ್ತಡವನ್ನು ಸೂಚಿಸುವ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅಳೆದರು. 2010ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಬೆಳಿಗ್ಗೆ ಹೆಚ್ಚಾಗಿದ್ದು ಸಂಜೆಯ ಹೊತ್ತಿಗೆ ಇಳಿಯಬೇಕಾದ ಈ ಹಾರ್ಮೋನು, ತಮ್ಮ ಮನೆಯನ್ನು ಅಸ್ತವ್ಯಸ್ತವೆಂದೂ ಮುಗಿಯದ ಕೆಲಸಗಳಿಂದ ತುಂಬಿದೆಯೆಂದೂ ಬಣ್ಣಿಸಿದ ಹೆಂಡಂದಿರಲ್ಲಿ ಸಾಕಷ್ಟು ಇಳಿಯುತ್ತಿರಲಿಲ್ಲ. ಗಂಡಂದಿರಲ್ಲಿ ಈ ಸಂಬಂಧ ಅಷ್ಟಾಗಿ ಕಂಡುಬರಲಿಲ್ಲ. ಒಂದು ಇನ್ನೊಂದಕ್ಕೆ ಕಾರಣವೆಂದು ಇಷ್ಟರಿಂದಲೇ ಸಿದ್ಧವಾಗದಿದ್ದರೂ, ಒಂದೇ ಮನೆಯ ಒಂದೇ ರಾಶಿ ಇಬ್ಬರ ಮೇಲೆ ಒಂದೇ ಸಮನಾಗಿ ಕೂರುವುದಿಲ್ಲವೆಂಬುದು ವಿಚಾರಕ್ಕೆ ಯೋಗ್ಯವಾದ ಸಂಗತಿ.

ಇಲ್ಲಿ ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಸ್ಮರಣೀಯ. ಪರಿಮಿತ ಪರಿಗ್ರಹ ವ್ರತಕ್ಕೆ ‘ಇಚ್ಛಾ ಪರಿಮಾಣ’ ಎಂಬ ಇನ್ನೊಂದು ಹೆಸರನ್ನೂ ಅವರು ಹೇಳಿ, ಅದರ ಐದು ಅತಿಚಾರಗಳನ್ನು ಎಣಿಸಿದ್ದಾರೆ: ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ ಮತ್ತು ಅತಿಭಾರವಹನ. ಅತಿಸಂಗ್ರಹ, ಅತಿಲೋಭಗಳ ಅರ್ಥ ಸ್ಪಷ್ಟ. ಪರರ ಸಂಪತ್ತನ್ನು ಕಂಡು ಬೆರಗಾಗುವುದು ಅತಿವಿಸ್ಮಯ. ನೆರೆಮನೆಯ ಹೊಸ ಸೋಫಾ ನೋಡಿ ಬಂದ ದಿನವೇ ತನ್ನ ಮನೆಯ ಗಟ್ಟಿಮುಟ್ಟಾದ ಕುರ್ಚಿ ಹಳೆಯದಾಗಿ ಕಾಣುವುದು ಇದರಿಂದಲೇ. ಅತಿವಾಹನವೆಂದರೆ ಲೋಭದಿಂದ ಎತ್ತು ಮೊದಲಾದವನ್ನು ಶಕ್ತಿಮೀರಿ ನಡೆಸುವುದು. ಅತಿಭಾರವಹನವೆಂದರೆ ಅವುಗಳ ಮೇಲೆ ಮಿತಿಮೀರಿದ ಹೊರೆ ಹೇರುವುದು. ಅಹಿಂಸೆಗೆ ಸೇರಬೇಕಾದಂತೆ ತೋರುವ ಈ ದೋಷಗಳನ್ನು ಆಚಾರ್ಯರು ಪರಿಗ್ರಹದ ಪ್ರಕರಣದಲ್ಲಿ ಇರಿಸಿದುದು ವಿಚಾರಾರ್ಹ. ಒಬ್ಬನ ಸಂಗ್ರಹದ ಭಾರವನ್ನು ಹೊರುವವರು ಬೇರೆಯೇ ಇರುತ್ತಾರೆ. ಇಂದಿನ ಪಟ್ಟಣದ ಮನೆಯಲ್ಲಿ ಎತ್ತುಗಳಿಲ್ಲ. ತಂದು ಹಾಕುವವರು ಹಲವರು. ಒರೆಸುವವಳು, ಜೋಡಿಸುವವಳು, ಹುಡುಕಿಕೊಡುವವಳು ಒಬ್ಬಳು. ಅವಳ ದಣಿವನ್ನು ಲೆಕ್ಕಕ್ಕೆ ಹಿಡಿಯದೆ ಮನೆ ತುಂಬಿಸುವುದು ಅತಿಭಾರವಹನವೇ ಸರಿ.

ಸಂಗ್ರಹದಿಂದ ಹಿಂಸೆ ಇನ್ನೊಂದು ರೀತಿಯಲ್ಲಿಯೂ ಉಂಟಾಗುತ್ತದೆ. ವರ್ಷಗಟ್ಟಲೆ ಕದಲಿಸದ ಕಾಗದದ ಕಟ್ಟಿನಲ್ಲಿ, ಹಳೆಯ ಹಾಸಿಗೆಯಲ್ಲಿ, ಮುಚ್ಚಿದ ಪೆಟ್ಟಿಗೆಯಲ್ಲಿ ಜಿರಳೆ, ಗೆದ್ದಲು, ಬೆಳ್ಳಿಹುಳುಗಳು ಮನೆಮಾಡುತ್ತವೆ. ಒಂದು ದಿನ ಅವನ್ನು ಕಂಡು ಗಾಬರಿಗೊಂಡು ವಿಷ ಸಿಂಪಡಿಸಲಾಗುತ್ತದೆ. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಮನೆಯಲ್ಲಿಯೇ ಅಸಂಖ್ಯ ತ್ರಸಜೀವಿಗಳ ಘಾತವಾಗುತ್ತದೆ. ವಸ್ತುವನ್ನು ನೋಡಿ, ಶೋಧಿಸಿ ಎತ್ತುವುದೂ ಇಡುವುದೂ ಮುನಿಗಳಿಗೆ ಆದಾನ ನಿಕ್ಷೇಪಣ ಸಮಿತಿಯೆನಿಸಿದೆ. ಶ್ರಾವಕನೂ ತನ್ನ ಮಟ್ಟಿಗೆ ಇದನ್ನು ಅನುಸರಿಸಬೇಕಾದರೆ, ನೋಡಿಕೊಳ್ಳಲು ಸಾಧ್ಯವಾಗುವಷ್ಟೇ ವಸ್ತುಗಳನ್ನು ಇರಿಸಿಕೊಳ್ಳಬೇಕು. ತತ್ತ್ವಾರ್ಥಸೂತ್ರವು ಬಹು ಆರಂಭ, ಬಹು ಪರಿಗ್ರಹಗಳನ್ನು ನರಕಾಯುವಿನ ಆಸ್ರವಕ್ಕೂ, ಅಲ್ಪ ಆರಂಭ, ಅಲ್ಪ ಪರಿಗ್ರಹಗಳನ್ನು ಮನುಷ್ಯಾಯುವಿನ ಆಸ್ರವಕ್ಕೂ ಕಾರಣವೆಂದು ಹೇಳುವಾಗ ಆರಂಭವನ್ನೂ ಪರಿಗ್ರಹವನ್ನೂ ಜೊತೆಯಾಗಿಯೇ ಹೇಳಿದೆ.

ಹಾಗಾದರೆ ಮನೆಯನ್ನು ಬರಿದು ಮಾಡಿದರೆ ಸಾಕೇ? ಮನಸ್ಸಿನ ನೆಮ್ಮದಿಗಾಗಿ ವಸ್ತುಗಳನ್ನು ಹೊರಹಾಕುವುದು ಅಪರಿಗ್ರಹವೆನಿಸುವುದೇ? ಹಳೆಯದನ್ನೆಲ್ಲ ಎಸೆದು ಮರುದಿನವೇ ಹೊಸದನ್ನು ಕೊಂಡು ತರುವವನು ವಸ್ತುವನ್ನು ಬದಲಿಸಿದನೇ ಹೊರತು ಇಚ್ಛೆಯನ್ನು ಅಳೆಯಲಿಲ್ಲ. ತನ್ನ ಮನೆ ಎಷ್ಟು ಸರಳವೆಂದು ಬಂದವರಿಗೆಲ್ಲ ತೋರಿಸಿ ಹೆಮ್ಮೆಪಡುವವನು ಪಾತ್ರೆಗಳನ್ನು ಹೊರಹಾಕಿ ಮಾನಕಷಾಯವನ್ನು ಒಳಗಿರಿಸಿಕೊಂಡ. ಬಾಹುಬಲಿ ಸ್ವಾಮಿಯ ಚರಿತ್ರೆ ಇಲ್ಲಿ ದಾರಿದೀಪ. ಗೆದ್ದ ರಾಜ್ಯವನ್ನೇ ಅಣ್ಣನಿಗೆ ಬಿಟ್ಟು, ಉಟ್ಟ ಬಟ್ಟೆಯನ್ನೂ ತೊರೆದು, ಬಳ್ಳಿಗಳು ಮೈಯನ್ನು ಹಬ್ಬುವವರೆಗೆ ನಿಂತರೂ ಅವನಿಗೆ ಕೇವಲಜ್ಞಾನ ಕೂಡಲೇ ಲಭಿಸಲಿಲ್ಲ. ನಿಂತ ನೆಲ ಭರತನದೆಂಬ ಒಂದು ಶಲ್ಯ ಮನದಲ್ಲಿ ಉಳಿದಿತ್ತೆಂದು ಪರಂಪರೆ ಹೇಳುತ್ತದೆ. ಭರತನು ಬಂದು ವಂದಿಸಿದಾಗ ಅದೂ ಕರಗಿತು. ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ನಿಲ್ಲಿಸಿದ ಸುಮಾರು 58 ಅಡಿ ಎತ್ತರದ ಮೂರ್ತಿಯ ಮುಂದೆ ಕೈಮುಗಿಯುವ ಶ್ರಾವಕನು ಈ ಕಥೆಯನ್ನೂ ಜೊತೆಗೆ ಮನೆಗೆ ಕೊಂಡೊಯ್ಯಬೇಕು.

ಇನ್ನೊಂದು ಎಚ್ಚರವೂ ಅವಶ್ಯ. ಎಲ್ಲ ಹಳೆಯ ವಸ್ತುವೂ ಹೊರೆಯಲ್ಲ. ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವ ಅಜ್ಜಿ ಸಂಗ್ರಹ ಮಾಡಿದರೂ ಲೋಭಿಯಲ್ಲ. ಒಂದು ವಸ್ತುವನ್ನು ಪೂರ್ತಿ ಬಳಸುವುದು ಹೊಸ ಆರಂಭವನ್ನು ತಪ್ಪಿಸುವ ಸಂಯಮವೇ ಆಗಿದೆ. ಮೂಡುಬಿದಿರೆಯಲ್ಲಿ ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಗರಿಗಳನ್ನು ತಲೆಮಾರುಗಳವರೆಗೆ ಕಾಪಾಡಿದವರಿಂದಲೇ ಜಿನವಾಣಿಯ ಆ ಭಾಗ ಇಂದು ಓದಲು ದೊರೆಯುತ್ತಿದೆ. ಆದುದರಿಂದ ಮನೆಯ ತಾಳೆಗರಿ, ಹಸ್ತಪ್ರತಿಗಳನ್ನು ಹಳೆಯ ಕಾಗದವೆಂದು ತೂಕಕ್ಕೆ ಹಾಕುವ ಮೊದಲು ಬಲ್ಲವರಿಗೆ ತೋರಿಸಬೇಕು. ಅಂತೆಯೇ ವೃದ್ಧ ತಂದೆತಾಯಿಗಳ ವಸ್ತುಗಳನ್ನು ಅವರ ಒಪ್ಪಿಗೆಯಿಲ್ಲದೆ ಹೊರಹಾಕುವುದು ಅಪರಿಗ್ರಹವಲ್ಲ. ವ್ರತವು ಸ್ವೀಕರಿಸುವವನದು, ಮಗನು ತನ್ನ ಬೀರುವಿನ ಪರಿಮಾಣ ಮಾಡಬಹುದು, ತಾಯಿಯ ಪೆಟ್ಟಿಗೆಯದನ್ನಲ್ಲ. ಅವಳ ಎದುರಿನಲ್ಲಿ ಅವನು ತನ್ನದನ್ನು ಬಿಟ್ಟುಕೊಟ್ಟರೆ, ಅವಳ ಕೈಯೂ ಒಂದು ದಿನ ತಾನಾಗಿ ಸಡಿಲವಾದೀತು.

ಆಚರಣೆಯ ಕ್ರಮವನ್ನೂ ಆಚಾರ್ಯರು ಸುಲಭಗೊಳಿಸಿದ್ದಾರೆ. ಒಮ್ಮೆ ಬಳಸಿ ಮುಗಿಯುವ ಅನ್ನಾದಿಗಳು ಭೋಗ, ಮತ್ತೆ ಮತ್ತೆ ಬಳಸುವ ವಸ್ತ್ರಾದಿಗಳು ಉಪಭೋಗ. ಇವೆರಡಕ್ಕೂ ಮಿತಿ ಹಾಕಿಕೊಳ್ಳುವುದು ಭೋಗೋಪಭೋಗ ಪರಿಮಾಣ ವ್ರತ. ಜೀವನಪರ್ಯಂತದ ತ್ಯಾಗ ‘ಯಮ’, ಕಾಲ ಗೊತ್ತುಮಾಡಿಕೊಂಡ ತ್ಯಾಗ ‘ನಿಯಮ’. ಒಂದು ಹಗಲು, ಒಂದು ಇರುಳು, ಒಂದು ಪಕ್ಷ, ಒಂದು ತಿಂಗಳು, ಒಂದು ಋತು, ಒಂದು ಅಯನ ಎಂದು ನಿಯಮದ ಅವಧಿಯನ್ನು ಸಮಂತಭದ್ರರು ಸೂಚಿಸಿದ್ದಾರೆ. ಮನೆಯ ಸಮಸ್ತವನ್ನೂ ಒಂದೇ ದಿನ ಸರಿಪಡಿಸಲು ಹೊರಟು ಬೇಸತ್ತು ಕೈಬಿಡುವುದಕ್ಕಿಂತ, ‘ಈ ಋತುವಿನಲ್ಲಿ ಹೊಸ ಬಟ್ಟೆ ಕೊಳ್ಳುವುದಿಲ್ಲ’, ‘ಈ ತಿಂಗಳು ಒಂದು ಪೆಟ್ಟಿಗೆಯನ್ನು ತೆರೆದು ನೋಡುತ್ತೇನೆ’ ಎಂಬ ಚಿಕ್ಕ ನಿಯಮ ಹೆಚ್ಚು ಫಲಕಾರಿ. ಹೊರಹಾಕುವ ಮೊದಲು ಮಿತಿಯನ್ನು ಗೊತ್ತುಮಾಡಬೇಕು. ಇಷ್ಟು ಸೀರೆ, ಇಷ್ಟು ಪಾತ್ರೆ ಎಂದು ಮನೆಯವರೆಲ್ಲ ಕೂಡಿ ನಿಶ್ಚಯಿಸಿದರೆ, ಅಂಗಡಿಯ ಮುಂದೆ ನಿಂತಾಗಲೆಲ್ಲ ಮನಸ್ಸಿನೊಡನೆ ಹೋರಾಡಬೇಕಾದ ಶ್ರಮ ತಪ್ಪುತ್ತದೆ. ವ್ರತವು ನೀಡುವ ನೆಮ್ಮದಿಯ ಗುಟ್ಟು ಇದೇ. ಭಾದ್ರಪದ ಶುಕ್ಲ ಪಂಚಮಿಯಿಂದ ಆರಂಭವಾಗುವ ದಶಲಕ್ಷಣ ಪರ್ವದಲ್ಲಿ ಎಂಟನೆಯದು ಉತ್ತಮ ತ್ಯಾಗ, ಒಂಬತ್ತನೆಯದು ಉತ್ತಮ ಆಕಿಂಚನ್ಯ. ಕೊಟ್ಟ ಮೇಲೆ ‘ನನ್ನದು ಏನೂ ಇಲ್ಲ’ ಎಂಬ ಭಾವ ಮೂಡಬೇಕೆಂಬ ಅರ್ಥ ಈ ಕ್ರಮದಲ್ಲಿಯೇ ಹೊಳೆಯುತ್ತದೆ. ವರ್ಷಕ್ಕೊಮ್ಮೆ ಈ ದಿನಗಳಲ್ಲಿ ಮನೆಯ ಪರಿಗ್ರಹವನ್ನು ಎಣಿಸುವುದು ಪ್ರತಿ ಕುಟುಂಬಕ್ಕೂ ಸಾಧ್ಯ.

ಬಿಡುವ ವಸ್ತು ಎಲ್ಲಿಗೆ ಹೋಗಬೇಕೆಂಬುದೂ ಧರ್ಮದ ಪ್ರಶ್ನೆಯೇ. ತನಗೆ ಬೇಡವಾದ ಮುರಿದ ಪಾತ್ರೆ, ಹರಿದ ಬಟ್ಟೆಗಳನ್ನು ಬಸದಿಗೆ ಒಪ್ಪಿಸಿ ದಾನದ ಪುಣ್ಯವನ್ನು ಬಯಸುವುದು ಸಲ್ಲದು. ಬಸದಿಯ ಉಗ್ರಾಣವೂ ಹೀಗೆ ತುಂಬಿ, ಟ್ರಸ್ಟಿನವರಿಗೆ ಅದನ್ನು ಕಾಯುವುದೇ ಕೆಲಸವಾಗುತ್ತದೆ. ಒಂದೇ ಬಗೆಯ ಸ್ಟೀಲು ಪಾತ್ರೆಗಳನ್ನು ದಾನಿಗಳ ಹೆಸರು ಕೆತ್ತಿಸಿ ರಾಶಿ ಹಾಕುವ ಬದಲು, ಯಾವುದು ಬೇಕು ಯಾವುದು ಬೇಡ ಎಂಬುದನ್ನು ಟ್ರಸ್ಟುಗಳು ವಿನಯದಿಂದ ತಿಳಿಸಬೇಕು. ದಾನಿಗಳು ಅದನ್ನು ಅಪಮಾನವೆಂದು ಭಾವಿಸಬಾರದು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1,000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ತಾಳೆಗರಿಯ ಆ ಕಾಲದಲ್ಲಿ ಒಂದು ಪ್ರತಿಯೇ ಒಂದು ಸಂಪತ್ತು. ಅವಳು ಅದನ್ನು ಕೂಡಿಡದೆ ಸಾವಿರ ಕೈಗಳಿಗೆ ಕೊಟ್ಟಳು. ಸಾವಿರ ವರ್ಷಗಳ ಮೇಲೂ ಕನ್ನಡಿಗರು ಅವಳನ್ನು ನೆನೆಯುತ್ತಾರೆ. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ನಾಲ್ಕು ದಾನಗಳಲ್ಲಿ ಯಾವುದಕ್ಕೆ ಒದಗಿದರೂ, ಒದಗುವ ವಸ್ತುವು ಪಡೆಯುವವನ ಗೌರವಕ್ಕೆ ತಕ್ಕುದಾಗಿರಬೇಕು.

ಆ ತಾಯಿಯ ಪೆಟ್ಟಿಗೆಯ ಮುಂದೆ ಕುಳಿತ ಸೊಸೆಯೊಬ್ಬಳು ಅಂದು ಸಂಜೆ ತನ್ನ ಬೀರುವನ್ನು ತೆರೆದು, ಇನ್ನೂ ಗಟ್ಟಿಯಾಗಿರುವ ನಾಲ್ಕು ಸೀರೆಗಳನ್ನು ತೆಗೆದು, ಮದುವೆಗೆ ಸಿದ್ಧವಾಗುತ್ತಿರುವ ಬಡ ಹುಡುಗಿಯೊಬ್ಬಳಿಗೆ ಕೊಟ್ಟಳೆಂದು ಭಾವಿಸೋಣ. ಅತ್ತೆಗೆ ಅದಕ್ಕಿಂತ ಮಿಗಿಲಾದ ಶ್ರದ್ಧಾಂಜಲಿ ಬೇರಿಲ್ಲ. ಸೀರೆಗಳು ಉಡಲ್ಪಡುತ್ತವೆ, ಬೀರು ಹಗುರವಾಗುತ್ತದೆ, ಅವಳ ನಾಳಿನ ಶ್ರಮವೂ ಅಷ್ಟು ಕಡಿಮೆಯಾಗುತ್ತದೆ. ಉಳಿದ ಹೊತ್ತು ಸ್ವಾಧ್ಯಾಯಕ್ಕೆ, ಸಾಮಾಯಿಕಕ್ಕೆ, ಮಕ್ಕಳೊಡನೆ ಎರಡು ಒಳ್ಳೆಯ ಮಾತಿಗೆ ದೊರೆಯುತ್ತದೆ. ಗೃಹಸ್ಥನು ಸಕಲವನ್ನೂ ಬಿಡಲಾರನು, ನಿಜ. ಆದರೆ ಇಂದು ಒಂದು ಮಿತಿಯನ್ನು ಗೊತ್ತುಮಾಡಿಕೊಳ್ಳಬಲ್ಲನು. ಅಷ್ಟರಿಂದಲೇ ಅಣುವ್ರತದ ಮಾರ್ಗದಲ್ಲಿ ಅವನ ಮೊದಲ ಹೆಜ್ಜೆ ಮೂಡುತ್ತದೆ.