ಯಾರ ಸಾವಿಗಾಗಿ ಕಾಯುವುದು?

ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ ಇವರಿಗೆ ಡಯಾಲಿಸಿಸ್. ನನ್ನ ಕಿಡ್ನಿ ಕೊಡೋಣವೆಂದರೆ ನನಗೆ ಸಕ್ಕರೆ ಕಾಯಿಲೆ. ‘ಜೀವಸಾರ್ಥಕತೆ’ಯ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯುತ್ತಿದ್ದೇವೆ.

ಒಂದು ರಾತ್ರಿ ಆಂಬುಲೆನ್ಸ್ ಸದ್ದು ಕೇಳಿ ನನ್ನ ಕೈ ತಾನಾಗಿ ಫೋನಿನತ್ತ ಹೋಯಿತು. ಮರುಕ್ಷಣವೇ ನಾಚಿಕೆಯಾಯಿತು. ಯಾವ ಮನೆಯ ದೀಪ ಆರಲೆಂದು ಕಾದಿದ್ದೆ ನಾನು?

1994ರ ಕಾಯ್ದೆ ಮಿದುಳಿನ ಸಾವನ್ನು ಸಾವೆಂದೇ ಒಪ್ಪುತ್ತದೆ. ಆದರೂ ಆಸ್ಪತ್ರೆಯವರು ಮನೆಯವರ ಒಪ್ಪಿಗೆ ಕೇಳುತ್ತಾರೆ. ಆ ಸಾವು ನನ್ನ ಆಸೆಯಿಂದ ಬರುವುದಿಲ್ಲ, ಸಂಕೋಚದಿಂದ ನಿಲ್ಲುವುದೂ ಇಲ್ಲ. ನಾನು ಬೇಡಬಹುದಾದದ್ದು ಅದರ ನಂತರದ ಒಂದು ‘ಹೂಂ’ ಮಾತ್ರ.

ಆದರೆ ನಾಳೆ ನನ್ನ ಮಗನೇ ವೆಂಟಿಲೇಟರಿನಲ್ಲಿದ್ದು, ಅವನ ಎದೆ ಇನ್ನೂ ಏರಿಳಿಯುತ್ತಿರುವಾಗ, ನಾನು ‘ಹೂಂ’ ಎನ್ನಬಲ್ಲೆನೇ? ಉತ್ತರ ಸಿಕ್ಕಿಲ್ಲ. ಅಪರಿಚಿತ ತಾಯಿಯೊಬ್ಬಳಿಂದ ನಾನು ಬಯಸುತ್ತಿರುವುದು ಅದನ್ನೇ.